ಬೆರಳಿನ ಶಾಯಿಯೂ ಮನಸ್ಸಿನ ಮಾತೂ

ಚುನಾವಣೆಯ ಫಲಿತಾಂಶ ಬಂದ ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಒಂದು ಪದ ದಪ್ಪಕ್ಷರಗಳಲ್ಲಿ ಮೆರೆಯುತ್ತದೆ: ‘ಜನಾದೇಶ’. ಗೆದ್ದವರು ಅದನ್ನು ಹೂಮಾಲೆಯಂತೆ ಕೊರಳಿಗೆ ಹಾಕಿಕೊಳ್ಳುತ್ತಾರೆ. ಸೋತವರು ತಲೆಬಾಗಿ ಸ್ವೀಕರಿಸಿದ್ದೇವೆ ಎನ್ನುತ್ತಾರೆ. ಈ ಪದದ ಮೇಲೆ ನನ್ನದೊಂದು ತಕರಾರಿದೆ. ಆದೇಶವೆಂದರೆ ಇಂಥದ್ದನ್ನು ಮಾಡು, ಇಂಥದ್ದನ್ನು ಬಿಡು ಎಂದು ಹೇಳುವುದು. ಮತಗಟ್ಟೆಗೆ ಹೋಗಿ ಒಂದು ಗುಂಡಿ ಒತ್ತಿ ಬಂದ ನಾವು ಏನನ್ನು ಮಾಡು ಎಂದು ಹೇಳಿ ಬಂದೆವು? ಹೇಳಲು ಅಲ್ಲಿ ಜಾಗವಾದರೂ ಎಲ್ಲಿತ್ತು?

ಶಾಲೆಯ ಉಪಾಧ್ಯಾಯಿನಿಯರಿಗೆ ಚುನಾವಣಾ ಕರ್ತವ್ಯ ತಪ್ಪಿದ್ದಲ್ಲ. ಎಷ್ಟೋ ಸಲ ಮತಗಟ್ಟೆಯ ಮೇಜಿನ ಹಿಂದೆ ಕುಳಿತು ನೂರಾರು ಹೆಂಗಸರ ಎಡಗೈ ಬೆರಳಿಗೆ ಶಾಯಿ ಹಚ್ಚಿದ್ದೇನೆ. ಅಡಿಕೆ ಸುಲಿದು ಕಪ್ಪಾದ ಬೆರಳುಗಳು, ಪಾತ್ರೆ ಉಜ್ಜಿ ಸವೆದ ಬೆರಳುಗಳು, ಮೆಹಂದಿ ಮಾಸದ ಬೆರಳುಗಳು. ಒಬ್ಬಳಿಗೆ ಗಂಡನ ಕುಡಿತದ ಚಿಂತೆ, ಇನ್ನೊಬ್ಬಳಿಗೆ ಮಗನ ಕೆಲಸದ್ದು, ಮತ್ತೊಬ್ಬಳಿಗೆ ನಲ್ಲಿಯ ನೀರಿನದ್ದು. ಪಾಪ, ಹತ್ತು ಪ್ರಶ್ನೆಗಳನ್ನು ಹೊತ್ತು ಬಂದವಳ ಕೈಗೆ ಒಂದೇ ಉತ್ತರಕ್ಕೆ ಅವಕಾಶವಿರುವ ಪ್ರಶ್ನೆಪತ್ರಿಕೆಯನ್ನು ಕೊಡುತ್ತೇವೆ. ಆಮೇಲೆ ಅವಳು ಎಲ್ಲದಕ್ಕೂ ಒಪ್ಪಿಗೆ ಕೊಟ್ಟಳೆಂದು ಬರೆದುಕೊಳ್ಳುತ್ತೇವೆ.

ಲೆಕ್ಕ ಹಾಕಿ ನೋಡಿದರೂ ಈ ‘ಆದೇಶ’ ಸರಿಹೊಂದುವುದಿಲ್ಲ. 2008ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ 34.8ರಷ್ಟು ಮತ, 80 ಸ್ಥಾನ. ಅದಕ್ಕಿಂತ ಕಡಿಮೆ, 33.9ರಷ್ಟು ಮತ ಪಡೆದ ಬಿಜೆಪಿಗೆ 110 ಸ್ಥಾನ. 2013ರಲ್ಲಿ ನೂರಕ್ಕೆ 37ಕ್ಕಿಂತ ಕಡಿಮೆ ಮತ ಪಡೆದ ಕಾಂಗ್ರೆಸ್ಸಿಗೆ 122 ಸ್ಥಾನಗಳ ಸ್ಪಷ್ಟ ಬಹುಮತ. ಇಲ್ಲಿ ಒಂದು ಪಕ್ಷಕ್ಕೆ ಅನ್ಯಾಯವಾಯಿತೆಂದು ನಾನು ಹೇಳುತ್ತಿಲ್ಲ. ಲಾಭ ಸರದಿಯ ಮೇಲೆ ಎಲ್ಲರಿಗೂ ಬಂದಿದೆ. ಇನ್ನು 2018ರ ಕಥೆಯಂತೂ ಮಕ್ಕಳಿಗೆ ಪೌರನೀತಿ ಪಾಠ ಮಾಡುವವರಿಗೆ ತಲೆನೋವು. ಜನ ಒಮ್ಮೆ ಮತ ಹಾಕಿದರು. ಆ ಒಂದೇ ವಿಧಾನಸಭೆಯಲ್ಲಿ ಯಡಿಯೂರಪ್ಪ, ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ, ಆಮೇಲೆ ಬೊಮ್ಮಾಯಿ ಎಂದು ನಾಲ್ಕು ಸಲ ಮುಖ್ಯಮಂತ್ರಿಯ ಪ್ರಮಾಣವಚನ ನಡೆಯಿತು. ನಾಲ್ಕೂ ಸಲ ಜನಾದೇಶದ ಹೆಸರನ್ನೇ ಹೇಳಿದರು. ಒಂದೇ ಮಾತಿಗೆ ನಾಲ್ಕು ಅರ್ಥ ಬರುವುದಾದರೆ ಆ ಮಾತನ್ನು ಆಡಿದವರು ಯಾರು, ಅರ್ಥ ಹೇಳಿದವರು ಯಾರು?

ಇಷ್ಟು ಹೇಳಿದರೆ ಸಾಕು, “ಅದಕ್ಕೇ ಹೇಳೋದು, ನಮ್ಮ ದೇಶದ ಹಣೆಬರಹವೇ ಇಷ್ಟು. ಯುರೋಪು ನೋಡಿ” ಎನ್ನುವವರು ಸಿದ್ಧರಾಗಿರುತ್ತಾರೆ. ನಮ್ಮ ಊರುಗಳಲ್ಲಿ ಈಗ ಮನೆಗೊಬ್ಬ ಮಗನೋ ಅಳಿಯನೋ ಹೊರದೇಶದಲ್ಲಿರುತ್ತಾನೆ. ಫೋನಿನಲ್ಲಿ ಅವರ ಉಪದೇಶವೂ ಧಾರಾಳವಾಗಿ ಬರುತ್ತದೆ: ಅಲ್ಲಿ ಜನ ಹೇಳಿದ್ದೇ ನಡೆಯುವುದಂತೆ. ಸರಿ, ನೋಡೋಣ.

ಇಂಗ್ಲೆಂಡಿನಿಂದಲೇ ನಾವು ಈ ಚುನಾವಣಾ ಪದ್ಧತಿಯನ್ನು ಎರವಲು ತಂದದ್ದು. ಅಲ್ಲಿ 2024ರಲ್ಲಿ ಲೇಬರ್ ಪಕ್ಷಕ್ಕೆ ನೂರಕ್ಕೆ 34 ಮತಗಳೂ ಬರಲಿಲ್ಲ. 650 ಸ್ಥಾನಗಳಲ್ಲಿ 411 ಬಂದವು. ಅದೇ ಚುನಾವಣೆಯಲ್ಲಿ ನೂರಕ್ಕೆ 14ರಷ್ಟು ಮತ ಪಡೆದ ಒಂದು ಪಕ್ಷಕ್ಕೆ 5 ಸ್ಥಾನ, 12ರಷ್ಟು ಪಡೆದ ಇನ್ನೊಂದಕ್ಕೆ 72 ಸ್ಥಾನ. ಗ್ರೀಸಿನಲ್ಲಿ 2015ರ ಜುಲೈನಲ್ಲಿ ಸಾಲ ಕೊಟ್ಟವರ ಷರತ್ತುಗಳನ್ನು ಒಪ್ಪಬೇಕೇ ಬೇಡವೇ ಎಂದು ಜನರನ್ನೇ ನೇರವಾಗಿ ಕೇಳಿದರು. ನೂರಕ್ಕೆ 61 ಮಂದಿ ಬೇಡವೆಂದರು. ಎರಡು ವಾರ ಕಳೆಯುವುದರೊಳಗೆ ಅದೇ ಸರಕಾರ ಇನ್ನೂ ಬಿಗಿಯಾದ ಷರತ್ತುಗಳಿಗೆ ಒಪ್ಪಿಗೆ ಕೊಟ್ಟಿತು. ಸಾಲಗಾರನ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ನಮ್ಮ ಹಳ್ಳಿಯ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೆಣ್ಣುಮಕ್ಕಳಾದ ನಾವು ಮರೆಯಬಾರದ ಕಥೆ ಸ್ವಿಟ್ಜರ್ಲೆಂಡಿನದು. ಪ್ರತಿ ವಿಷಯವನ್ನೂ ಜನರ ಮತಕ್ಕೆ ಹಾಕುವ ದೇಶವೆಂದು ಅದಕ್ಕೆ ದೊಡ್ಡ ಹೆಸರು. ಹೆಂಗಸರಿಗೆ ಮತ ಕೊಡಬೇಕೇ ಎಂಬುದನ್ನೂ 1959ರಲ್ಲಿ ಮತಕ್ಕೆ ಹಾಕಿದರು. ಮತ ಹಾಕಿದವರು ಯಾರು? ಗಂಡಸರು. ಮೂರರಲ್ಲಿ ಎರಡು ಪಾಲು ಜನ ಬೇಡವೆಂದರು, ಮುಗಿಯಿತು. ಅದೇ ‘ಜನರ ಇಚ್ಛೆ’ ಎನಿಸಿತು. ಒಪ್ಪಿಗೆ ಸಿಕ್ಕಿದ್ದು 1971ರಲ್ಲಿ. ಅಪೆನ್‌ಜೆಲ್ ಎಂಬ ಪ್ರದೇಶದ ಒಂದು ಭಾಗದಲ್ಲಿ ಸ್ಥಳೀಯ ವಿಷಯಗಳಿಗೆ ಹೆಂಗಸರಿಗೆ ಮತ ಸಿಗಲು 1990ರಲ್ಲಿ ನ್ಯಾಯಾಲಯವೇ ಬರಬೇಕಾಯಿತು. ನಮ್ಮಲ್ಲಿ ಅಕ್ಷರ ಬಾರದ ಅಜ್ಜಿಯಂದಿರು 1952ರಲ್ಲೇ ಗಂಡಸರ ಜೊತೆಗೆ ಮತ ಹಾಕಿದ್ದರು. ಹಾಗಾಗಿ ‘ಜನ’ ಎಂದು ಯಾರಾದರೂ ಹೇಳಿದ ಕೂಡಲೆ ನಾವು ಕೇಳಬೇಕಾದ ಮೊದಲ ಪ್ರಶ್ನೆ: ಆ ಲೆಕ್ಕದಲ್ಲಿ ನಾವಿದ್ದೇವೆಯೇ?

ಯುರೋಪಿನ ಹುಳುಕು ತೋರಿಸಿ ನಮ್ಮ ಹುಳುಕು ಮುಚ್ಚಿಕೊಳ್ಳುವುದು ನನ್ನ ಉದ್ದೇಶವಲ್ಲ. ಎಲ್ಲಿಯೇ ಆಗಲಿ, ಮತ ಬೇರೆ, ಮನಸ್ಸು ಬೇರೆ. ಇವೆರಡರ ನಡುವಿನ ದೂರ ಎಷ್ಟೆಂದು ತಿಳಿಯಲು ವಿಮಾನ ಹತ್ತಬೇಕಾಗಿಲ್ಲ. ಶಿವಮೊಗ್ಗದಲ್ಲಿ ಬಸ್ಸು ಹತ್ತಿ ಭದ್ರಾವತಿಯಲ್ಲಿ ಇಳಿದರೆ ಸಾಕು.

ಬೆಂಕಿಪುರವೆಂಬ ಊರು ಭದ್ರಾವತಿಯಾಗಿ ಬೆಳೆದದ್ದು ಕಬ್ಬಿಣದ ಕಾರ್ಖಾನೆಯಿಂದ. ಮೈಸೂರು ಸಂಸ್ಥಾನದ ಕಾಲದಲ್ಲಿ ವಿಶ್ವೇಶ್ವರಯ್ಯನವರ ಕನಸಾಗಿ ಹುಟ್ಟಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಾರ್ಖಾನೆ ಅದು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ನ್ಯೂಟೌನು, ಪೇಪರ್‌ಟೌನು ಎಂದು ಊರಿನ ಹೆಸರುಗಳೇ ಕಾರ್ಖಾನೆಯ ಹೆಸರುಗಳಾದವು. ಸೈರನ್ನಿಗೆ ಒಲೆ ಹಚ್ಚಿ, ಸೈರನ್ನಿಗೆ ಡಬ್ಬಿ ಕಟ್ಟಿದ ಸಂಸಾರಗಳವು. ಕಬ್ಬಿಣದ ಕಾರ್ಖಾನೆ 1998ರಲ್ಲಿ ಕೇಂದ್ರ ಸರಕಾರದ ಉಕ್ಕು ಪ್ರಾಧಿಕಾರದೊಳಗೆ ವಿಲೀನವಾಯಿತು. ಅಲ್ಲಿಂದೀಚೆಗೆ ಇಲ್ಲಿ ಮತ ಕೇಳಿದ ಯಾವ ಪಕ್ಷ ತಾನೇ ಕಾರ್ಖಾನೆ ಉಳಿಸುತ್ತೇವೆಂದು ಹೇಳಲಿಲ್ಲ? ಮತದಾರರು ಒಮ್ಮೆ ಇವರನ್ನು, ಒಮ್ಮೆ ಅವರನ್ನು ಗೆಲ್ಲಿಸಿ ನೋಡಿದರು. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ನಿಂತುಹೋದವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ದೆಹಲಿಯಿಂದ ಬಂತು. ಗುತ್ತಿಗೆ ಕಾರ್ಮಿಕರು ಬೀದಿಗೆ ಬಂದು ಕುಳಿತರು; ಆಮೇಲೆ ಆ ವರ್ಷವೇ ಸ್ವಲ್ಪಮಟ್ಟಿಗೆ ಕೆಲಸ ಮತ್ತೆ ಶುರುವಾಯಿತು.

ಕಾರ್ಖಾನೆಗೆ ಸ್ವಂತ ಅದಿರಿನ ಗಣಿ ಇರಲಿಲ್ಲ, ನಷ್ಟವಿತ್ತು, ಯಂತ್ರಗಳು ಹಳೆಯವು. ಈ ಕಾರಣಗಳು ಸುಳ್ಳಲ್ಲ. ಆದರೆ ಆ ತೀರ್ಮಾನ ಮಾಡಿದ ಮಂಡಳಿಯ ಒಬ್ಬ ಸದಸ್ಯರನ್ನೂ ಭದ್ರಾವತಿಯ ಜನ ಆರಿಸಿರಲಿಲ್ಲ, ಇಳಿಸುವಂತೆಯೂ ಇರಲಿಲ್ಲ. ಊರಿನ ಜೀವವೇ ನಿಂತಿರುವ ಪ್ರಶ್ನೆ ಯಾವ ಮತಪೆಟ್ಟಿಗೆಯೊಳಗೂ ಹೋಗಲಿಲ್ಲ. ಶಾಲೆಯಲ್ಲಿ ಮಾತ್ರ ನಮಗೆ ಬೇರೊಂದು ಬಗೆಯ ಮತ ಎಣಿಕೆ ಕಾಣುತ್ತಿತ್ತು. ವರ್ಷದ ಕೊನೆಗೆ ಟಿ.ಸಿ. ಕೇಳಲು ತಾಯಂದಿರು ಬರುತ್ತಿದ್ದರು. ಕಾರಣ ಬರೆಯುವ ಜಾಗದಲ್ಲಿ ‘ತಂದೆಯ ಉದ್ಯೋಗದ ನಿಮಿತ್ತ’. ಎಲ್ಲರದೂ ಅದೇ ಸಾಲು. ಊರಿನ ಬಗ್ಗೆ ಜನ ಹೇಳಿದ ನಿಜವಾದ ತೀರ್ಪು ಆ ಅರ್ಜಿಗಳಲ್ಲಿತ್ತು. ಅದನ್ನು ಯಾವ ಪತ್ರಿಕೆಯೂ ದಪ್ಪಕ್ಷರದಲ್ಲಿ ಹಾಕಲಿಲ್ಲ.

ಹಾಗಾದರೆ ಮತವೇ ವ್ಯರ್ಥವೆ? ಮನೆಯಲ್ಲಿ ಕುಳಿತರಾಯಿತೆ? ಖಂಡಿತ ಅಲ್ಲ. ನಮ್ಮ ಜಿಲ್ಲೆಯೇ ಇದಕ್ಕೆ ಉತ್ತರ ಕೊಟ್ಟಿದೆ. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಒಡೆಯರ ಕೊಳಗದ ಅಳತೆಯ ವಿರುದ್ಧ ಎದ್ದು ನಿಂತರು. ಜೈಲಿಗೆ ಹೋದರು, ಏಟು ತಿಂದರು. ಮರುವರ್ಷದ ಮೊದಲ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರನ್ನು ಗೆಲ್ಲಿಸಿ ಕಳಿಸಿದರು. ಆದರೆ ಉಳುವವನಿಗೆ ಭೂಮಿ ಸಿಕ್ಕಿದ್ದು 1952ರಲ್ಲಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಿಂದ. ನಡುವೆ ಇಪ್ಪತ್ತೆರಡು ವರ್ಷ ಸಂದವು. ಆ ಜನರ ಇಚ್ಛೆ ಒಂದು ಚುನಾವಣೆಯಲ್ಲಿ ಗೆದ್ದು ಮುಗಿದದ್ದಲ್ಲ. ಚುನಾವಣೆಗಳ ನಡುವಿನ ದಿನಗಳಲ್ಲಿ ಸಭೆ, ಅರ್ಜಿ, ಧರಣಿ, ಶಾಸನಸಭೆಯ ಪ್ರಶ್ನೆ ಎಂದು ಮತ್ತೆ ಮತ್ತೆ ಕೇಳಿದ್ದರಿಂದ ಅದು ಆದೇಶವಾಯಿತು. ಮತವೆಂದರೆ ಮಾತಿಗೆ ಪೀಠಿಕೆ. ಪೀಠಿಕೆ ಓದಿ ಪುಸ್ತಕ ಮುಚ್ಚಿಟ್ಟರೆ ತಪ್ಪು ಪುಸ್ತಕದ್ದಲ್ಲ.

ಮಾತು ಮುಂದುವರಿಯಬೇಕಾದರೆ ಕೇಳುವವರು ಹತ್ತಿರವಿರಬೇಕು. ದೆಹಲಿ ದೂರ, ಬೆಂಗಳೂರೂ ದೂರ. ಹೆಂಗಸರು ಮನೆಗೆಲಸ ಮುಗಿಸಿ ನಡೆದು ಹೋಗಿ ಮುಟ್ಟಬಹುದಾದ ಸರಕಾರವೆಂದರೆ ವಾರ್ಡು, ಗ್ರಾಮ, ತಾಲ್ಲೂಕು. ಈ ವಿಷಯದಲ್ಲಿ ಕರ್ನಾಟಕ ಇಡೀ ದೇಶಕ್ಕೆ ದಾರಿ ತೋರಿಸಿತ್ತು. ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ ರೂಪುಗೊಂಡ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು, ನಾಲ್ಕರಲ್ಲಿ ಒಂದು ಪಾಲು ಸ್ಥಾನ ಹೆಂಗಸರಿಗೆ ಸಿಕ್ಕಿತು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಬಂದು ಮೂರರಲ್ಲಿ ಒಂದು ಪಾಲು ಕಡ್ಡಾಯವಾಯಿತು. 2010ರಲ್ಲಿ ನಮ್ಮ ರಾಜ್ಯ ಪಂಚಾಯತಿಗಳಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. 2023ರ ವಿಧಾನಸಭೆಗೆ 224 ಜನರಲ್ಲಿ ಗೆದ್ದ ಹೆಂಗಸರು ಕೇವಲ ಹತ್ತು ಮಂದಿ. ಅವರಲ್ಲಿ ನಮ್ಮ ಶಿವಮೊಗ್ಗ ಗ್ರಾಮಾಂತರದಿಂದ ಗೆದ್ದವರೊಬ್ಬರು. ಶಿವಮೊಗ್ಗ ಲೋಕಸಭಾ ಕ್ಷೇತ್ರವಂತೂ 2024ರ ತನಕ ಒಬ್ಬ ಹೆಣ್ಣುಮಗಳನ್ನೂ ಆರಿಸಿ ಕಳಿಸಲಿಲ್ಲ. ಹೀಗಿರುವಾಗ ಸ್ಥಳೀಯ ಸಂಸ್ಥೆ ಎಂದರೆ ನಮಗೆ ಸಿಕ್ಕ ಏಕೈಕ ಅಂಗಳ.

ಆ ಅಂಗಳಕ್ಕೇ ಬೀಗ ಬಿತ್ತು. ಐದು ವರ್ಷದ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಿರಬೇಕೆಂದು ಸಂವಿಧಾನ ಹೇಳುತ್ತದೆ. 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟಿನ ವ್ಯಾಜ್ಯ ಎಂದು ವರ್ಷಗಳು ಉರುಳಿದವು. ಆ ನಡುವೆ ಅಧಿಕಾರದಲ್ಲಿದ್ದ ಪಕ್ಷ ಬದಲಾಯಿತು, ಬೀಗ ಬದಲಾಗಲಿಲ್ಲ. 2018ರಲ್ಲಿ 35 ವಾರ್ಡುಗಳಿಗೆ ಆರಿಸಿದ್ದ ಶಿವಮೊಗ್ಗ ಮಹಾನಗರ ಪಾಲಿಕೆಯ ಅವಧಿ 2023ರ ನವೆಂಬರಿನಲ್ಲಿ ಮುಗಿದಾಗಲೂ ಕಾಲಕ್ಕೆ ಸರಿಯಾಗಿ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕುಳಿತರು. ಮಕ್ಕಳ ಪರೀಕ್ಷೆ ಒಂದು ವಾರ ಮುಂದೆ ಹೋದರೆ ಊರೆಲ್ಲ ಗಲಾಟೆ ಮಾಡುವ ನಾವು, ಜನಪ್ರತಿನಿಧಿಗಳ ಪರೀಕ್ಷೆ ವರ್ಷಗಟ್ಟಲೆ ಮುಂದೆ ಹೋದಾಗ ಸುಮ್ಮನಿದ್ದೆವು.

“ಅಧಿಕಾರಿಗಳೇ ವಾಸಿ, ಕೆಲಸ ಬೇಗ ಆಗುತ್ತೆ, ಕಾರ್ಪೊರೇಟರುಗಳ ಕಾಟವಿಲ್ಲ” ಎನ್ನುವವರನ್ನು ಕೇಳಿದ್ದೇನೆ. ಒಳ್ಳೆಯ ಅಧಿಕಾರಿ ಬಂದಾಗ ಅದು ನಿಜವೂ ಹೌದು. ಆದರೆ ಅವರ ವರ್ಗಾವಣೆಯಾಗುತ್ತದೆ, ಚರಂಡಿಗೆ ವರ್ಗಾವಣೆಯಿಲ್ಲ. ವಾರ್ಡಿನ ಸದಸ್ಯೆ ತರಕಾರಿ ಅಂಗಡಿಯಲ್ಲಿ ಸಿಗುತ್ತಾಳೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತಿರುತ್ತಾಳೆ. “ಏನಮ್ಮಾ, ನಮ್ಮ ಬೀದಿಯ ದೀಪ ಯಾವಾಗ?” ಎಂದು ಕೇಳಲು ಚೀಟಿ ಬರೆದು ಕಾಯಬೇಕಾಗಿಲ್ಲ. ನಾಳೆ ಮತ್ತೆ ನಮ್ಮ ಬಾಗಿಲಿಗೆ ಬರಲೇಬೇಕೆಂಬ ಅಂಜಿಕೆ ಅವಳಿಗಿದೆ. ಆ ಅಂಜಿಕೆಯೇ ಪ್ರಜಾಪ್ರಭುತ್ವ. ಅದು ಹೋದಮೇಲೆ ಉಳಿಯುವುದು ಒಳ್ಳೆಯವರ ಕೃಪೆ ಮಾತ್ರ.

ಇನ್ನೊಂದು ಆಕ್ಷೇಪ ಇನ್ನೂ ಹಳೆಯದು: “ಸದಸ್ಯೆ ಹೆಸರಿಗೆ, ನಡೆಸುವವನು ಗಂಡ.” ಹೌದು, ಹಾಗೆ ನಡೆಯುತ್ತದೆ. ಆದರೆ ಇದಕ್ಕೆ ಮದ್ದು ಅವಳ ಕುರ್ಚಿ ಕಸಿಯುವುದಲ್ಲ. ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿ ಮಾಡುವಾಗ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿ ಸ್ವಂತ ಹೆಸರು ಕೊಡದಿದ್ದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಹೆಂಗಸರಿಗೆ ಮತ ಬೇಡ ಎಂದು ಆಗ ಯಾರೂ ಕಾಯ್ದೆ ತಿದ್ದಲಿಲ್ಲ. ಹೆಸರು ಹೇಳಲು ಕಲಿಸಿದರು. ಈಗ ಮಾತು ಕಲಿಯುವ ಸರದಿ. ಒಂದನೆಯ ತರಗತಿಯಲ್ಲಿ ಅಕ್ಷರ ತಪ್ಪಿದ ಮಗುವನ್ನು ಶಾಲೆ ಬಿಡಿಸುತ್ತೇವೆಯೆ? ಮೊದಲ ಅವಧಿಯಲ್ಲಿ ಗಂಡನ ಮುಖ ನೋಡಿ ಮಾತನಾಡಿದವಳು ಎರಡನೆಯ ಅವಧಿಯಲ್ಲಿ ಕಡತ ನೋಡಿ ಮಾತನಾಡುತ್ತಾಳೆ. ಆದರೆ ಎರಡನೆಯ ಅವಧಿ ಬರಬೇಕಲ್ಲ! ಚುನಾವಣೆಯನ್ನೇ ಮುಂದೂಡುತ್ತಾ ಹೋದರೆ ಅವಳು ಕಲಿಯುವುದು ಯಾವಾಗ?

ಶಾಸನಸಭೆ, ಲೋಕಸಭೆಗಳಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿಗೆಂದು 2023ರ ಸೆಪ್ಟೆಂಬರಿನಲ್ಲಿ ಸಂಸತ್ತು ಕಾಯ್ದೆ ಮಾಡಿತು. ಜನಗಣತಿಯಾಗಿ, ಕ್ಷೇತ್ರಗಳ ಮರುವಿಂಗಡಣೆಯಾದ ಮೇಲೆ ಜಾರಿ ಎಂದು ಅದರಲ್ಲೇ ಬರೆಯಿತು. ಮೇಲಿನದಕ್ಕೆ ಮುಂದಿನ ದಿನಾಂಕ, ಕೆಳಗಿನದಕ್ಕೆ ಹಿಂದೆ ಸರಿದ ದಿನಾಂಕ. ಹೆಂಗಸರ ಪಾಲಿಗೆ ಕ್ಯಾಲೆಂಡರಿನಲ್ಲಿ ಯಾವಾಗಲೂ ನಾಳೆಯ ಹಾಳೆಯೇ.

ಆದ್ದರಿಂದ ಅಕ್ಕತಂಗಿಯರೇ, ಮುಂದೆ ಯಾವ ಚುನಾವಣೆಗೇ ಆಗಲಿ, ಯಾವ ಪಕ್ಷದವರೇ ಆಗಲಿ, ಕೈಮುಗಿದು ಬಾಗಿಲಿಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಜಿಲ್ಲಾ ಪಂಚಾಯತಿಗೂ ಪಾಲಿಕೆಗೂ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸುತ್ತೀರಾ? ಊರಿನ ಕಾರ್ಖಾನೆ, ಕಾಡು, ರಸ್ತೆಯ ವಿಷಯದಲ್ಲಿ ತೀರ್ಮಾನವಾಗುವ ಮೊದಲು ವಾರ್ಡಿನ, ಗ್ರಾಮದ ಸಭೆ ಕರೆದು ನಮ್ಮನ್ನು ಕೇಳುತ್ತೀರಾ? ಗೆದ್ದ ಮೇಲೆ ಪಕ್ಷ ಬಿಡುವುದಾದರೆ, ಬಿಡುವ ಮೊದಲು ಇದೇ ಬಾಗಿಲಿಗೆ ಬರುತ್ತೀರಾ? ಬಿಸಿಲಲ್ಲಿ ಬಂದಿದ್ದರೆ ಬೆಲ್ಲ, ನೀರು ಕೊಡಿ. ಅದು ನಮ್ಮ ಮಲೆನಾಡಿನ ಮರ್ಯಾದೆ. ಉತ್ತರ ಪಡೆಯದೆ ಮಾತ್ರ ಕಳಿಸಬೇಡಿ.