ಜಂಗಮಕ್ಕೆ ಎಷ್ಟು ಹೊನ್ನು ಬೇಕು?



ವರ್ಷಗಟ್ಟಲೆ ಊರೂರು ಸಂಚರಿಸುತ್ತ ಬದುಕುವುದು ಸಿರಿವಂತರ ವಿಲಾಸವೆಂಬ ಮಾತು ಈಗ ಸಿದ್ಧಾಂತದ ಗತ್ತಿನಲ್ಲಿ ಕೇಳಿಬರುತ್ತಿದೆ. ಮೊದಲು ದುಡಿದು ಕೂಡಿಡಬೇಕು, ಮನೆ ಕಟ್ಟಬೇಕು, ಮಕ್ಕಳ ಮದುವೆ ಮುಗಿಸಬೇಕು, ನಿವೃತ್ತರಾಗಬೇಕು. ಆಮೇಲೆ ಪ್ಯಾಕೇಜ್ ಟೂರಿನ ಬಸ್ಸು ಹತ್ತಿ ಕೂಡಲಸಂಗಮ, ಬಸವಕಲ್ಯಾಣ, ಶ್ರೀಶೈಲಗಳನ್ನು ನಾಲ್ಕು ದಿನಗಳಲ್ಲಿ 'ಮುಗಿಸಿ' ಬರಬೇಕು. ಲೌಕಿಕರು ಹೀಗೆಂದರೆ ಆಶ್ಚರ್ಯವಿಲ್ಲ. ಹಣೆಯಲ್ಲಿ ವಿಭೂತಿ, ಎದೆಯಲ್ಲಿ ಇಷ್ಟಲಿಂಗ ಧರಿಸಿದವರೂ ಇದನ್ನೇ ಹೇಳುತ್ತಾರೆಂಬುದು ಸೋಜಿಗ. ಅಷ್ಟಾವರಣದಲ್ಲಿ ಗುರು ಲಿಂಗಗಳ ಬೆನ್ನಿಗೇ ಜಂಗಮವನ್ನು ನಿಲ್ಲಿಸಿದ ಧರ್ಮದವರು, ಚರಿಸುವುದಕ್ಕೆ ಬ್ಯಾಂಕಿನ ಠೇವಣಿ ಬೇಕೆಂದು ನಂಬಿದ್ದಾರೆ.

ದೇಹವನ್ನೇ ದೇಗುಲವೆಂದು ಕಾಣಿಸುವ ಬಸವಣ್ಣನವರ ಪ್ರಸಿದ್ಧ ವಚನಕ್ಕೆ ವ್ಯಾಖ್ಯಾನ ಬರೆದವರಿಗೆ ಲೆಕ್ಕವಿಲ್ಲ. ಬಹುಪಾಲು ವ್ಯಾಖ್ಯಾನಗಳು ಕೊನೆಯ ಸಾಲುಗಳ ತತ್ತ್ವಕ್ಕೆ ನೇರವಾಗಿ ಹಾರಿಬಿಡುತ್ತವೆ. ಆದರೆ ಆ ವಚನ ಆರಂಭವಾಗುವುದು ಉಳ್ಳವರ ಮತ್ತು ಬಡವರ ಮಾತಿನಿಂದ. ಅಂದರೆ ಹಣದ ಪ್ರಶ್ನೆಯಿಂದ. ಗುಡಿ ಕಟ್ಟಲು ಕಲ್ಲು, ಭೂಮಿ, ಅರ್ಚಕರ ವೃತ್ತಿ, ರಾಜರ ದತ್ತಿ ಬೇಕು. ಗುಡಿಯಿದ್ದ ಕಡೆಗೆ ಭಕ್ತ ಮರಳಿ ಮರಳಿ ಬರಬೇಕು. ಇಷ್ಟಲಿಂಗಕ್ಕೆ ಇವಾವುವೂ ಬೇಡ. ಅಂಗೈಯೇ ಪೀಠವಾದ ಮೇಲೆ ಪೂಜೆಯ ಸಲುವಾಗಿ ಯಾವ ಊರಿಗೂ ಕಟ್ಟುಬೀಳಬೇಕಾಗಿಲ್ಲ. ಶರಣರು ದೇವರನ್ನು ಹಗುರಗೊಳಿಸಿದರು, ಅದರಿಂದ ಬಡವನ ಕಾಲಿಗೆ ದಾರಿ ತೆರೆಯಿತು. ಇದನ್ನು ಅಧ್ಯಾತ್ಮವೆಂದು ಮಾತ್ರ ವಿವರಿಸಿ, ಇದರೊಳಗಿನ ಅರ್ಥಶಾಸ್ತ್ರವನ್ನು ಮರೆಮಾಡುವುದು ಪಾಂಡಿತ್ಯದ ಸೋಮಾರಿತನ.

ಅಕ್ಕಮಹಾದೇವಿಯವರ ಇನ್ನೊಂದು ವಚನವನ್ನು ಗಮನಿಸಬೇಕು. ಹಸಿವೆಗೆ ಏನುಂಟು, ತೃಷೆಗೆ ಏನುಂಟು, ನಿದ್ರೆಗೆ ಎಲ್ಲಿ ಎಡೆಯುಂಟು ಎಂದು ಅಕ್ಕ ಅಲ್ಲಿ ಒಂದೊಂದಾಗಿ ಎಣಿಸುತ್ತಾರೆ. ಪಠ್ಯಪುಸ್ತಕಗಳಲ್ಲಿ ಅದಕ್ಕೆ ವೈರಾಗ್ಯದ ವಚನವೆಂಬ ಹೆಸರು ಅಂಟಿದೆ. ಅದು ವೈರಾಗ್ಯವೂ ಹೌದು, ಖರ್ಚಿನ ಪಟ್ಟಿಯೂ ಹೌದು. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದ ಹೆಣ್ಣುಮಗಳು ಅನ್ನ, ನೀರು, ನೆಲೆ ಎಂಬ ಮೂರು ಬಾಬ್ತುಗಳನ್ನು ಬರೆದು, ಮೂರರ ಎದುರೂ ಸೊನ್ನೆ ಹಾಕಿದ್ದಾರೆ.

ಆದರೆ ಆ ಸೊನ್ನೆ ಬಂದದ್ದು ಅಕ್ಕನ ಮಿತವ್ಯಯವೊಂದರಿಂದಲೇ ಅಲ್ಲ. ಊರಿನಲ್ಲಿ ಭಿಕ್ಷೆ ನೀಡುವ ಕೈ ಇತ್ತು, ಯಾರೋ ತೋಡಿಸಿದ ಬಾವಿಯಿತ್ತು, ಯಾರೂ ಬೀಗ ಹಾಕದ ಹಾಳು ಗುಡಿಯಿತ್ತು. ದೀರ್ಘಕಾಲದ ಸಂಚಾರ ಅಗ್ಗವಾಗುವುದು ಸಂಚಾರಿಯ ಜಾಣತನದಿಂದ ಎಂದು ಇಂದಿನವರು ಬರೆಯುತ್ತಾರೆ. ಯಾವ ಊರಿನಲ್ಲಿ ಕೊಠಡಿ ಕಡಿಮೆಗೆ ಸಿಗುತ್ತದೆ, ಯಾವ ತಿಂಗಳು ಟಿಕೆಟ್ ಅಗ್ಗ ಎಂಬ ಉಪದೇಶಗಳಿಗೆ ಕೊನೆಯಿಲ್ಲ. ಇವು ಅರ್ಧ ಸತ್ಯ. ಸಂಚಾರ ಅಗ್ಗವಾಗುವುದು ನಿಂತವರು ಬಾಗಿಲು ತೆರೆದಾಗ. ಶರಣರು ಅದನ್ನು ದಾಸೋಹವೆಂದು ಕರೆದರು.

ಪ್ರತಿ ವರ್ಷ ಯುಗಾದಿಗೆ ಮುನ್ನ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಗಳಿಂದ ಶ್ರೀಶೈಲಕ್ಕೆ ಹೊರಡುವ ಪಾದಯಾತ್ರೆಯನ್ನು ನೋಡಿದವರಿಗೆ ಇದರ ವಿವರಣೆ ಬೇಕಾಗಿಲ್ಲ. ಜಮಖಂಡಿಯ ಕಡೆಯಿಂದ ಹೊರಟವರು ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ನಡೆದು, ಕೊನೆಗೆ ನಲ್ಲಮಲದ ಕಾಡು ದಾಟುತ್ತಾರೆ. ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡವರು, ಚಪ್ಪಲಿಯೂ ಇಲ್ಲದವರು ಆ ಗುಂಪಿನಲ್ಲಿರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಗರು ಪೆಂಡಾಲು ಹಾಕಿ ರೊಟ್ಟಿ, ಅನ್ನ, ಮಜ್ಜಿಗೆ ನೀಡುತ್ತಾರೆ. ಬೊಕ್ಕೆಯೆದ್ದ ಪಾದಗಳಿಗೆ ಎಣ್ಣೆ ತಿಕ್ಕುತ್ತಾರೆ. ನೀಡುವವರಲ್ಲಿ ಅನೇಕರು ಸ್ವತಃ ಬರದಿಂದ ಬಳಲಿದ ಒಣಬೇಸಾಯದ ರೈತರು. ನಡೆಯುವವನ ಜೇಬಿನಲ್ಲಿ ಎಷ್ಟಿದೆ ಎಂದು ಅವರು ಕೇಳುವುದಿಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲಾಗದು. ಕಾಯಕವನ್ನು ಎತ್ತಿಹಿಡಿದ ಶರಣರು ದುಡಿಯದೆ ತಿರುಗುವವನನ್ನು ಒಪ್ಪುತ್ತಿದ್ದರೇ? ಒಪ್ಪುತ್ತಿರಲಿಲ್ಲ. ನುಲಿಯ ಚಂದಯ್ಯನವರು ಕೆರೆಯಲ್ಲಿ ಜಾರಿಬಿದ್ದ ಲಿಂಗವನ್ನೂ ಎತ್ತಿಕೊಳ್ಳದೆ ಹುಲ್ಲಿನ ಹೊರೆ ಹೊತ್ತು ನಡೆದರೆಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಹುಲ್ಲು ಹಗ್ಗವಾಗಿ, ಹಗ್ಗ ಹಣವಾಗಿ, ಹಣ ಸಲ್ಲುತ್ತಿದ್ದುದು ಜಂಗಮ ದಾಸೋಹಕ್ಕೇ. ನಿಂತವನ ಕಾಯಕ ನಡೆಯುವವನನ್ನು ಪೊರೆಯುತ್ತಿತ್ತು. ನಡೆಯುವವನು ಅನುಭಾವವನ್ನು ಊರಿಂದೂರಿಗೆ ಒಯ್ದು ಆ ಋಣ ತೀರಿಸುತ್ತಿದ್ದ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಲು ಹೇಳಿದರು. ಅಂದಂದಿನ ಅಗತ್ಯಕ್ಕೆ ಮೀರಿದ್ದು ಬೇಡವೆಂಬ ಈ ಕಟ್ಟಳೆ ಜೋಳಿಗೆಗೂ ಅನ್ವಯಿಸುತ್ತದೆ. ದಾಸೋಹದ ಪಂಕ್ತಿಯನ್ನು ಪುಕ್ಕಟೆ ಹೋಟೆಲೆಂದು ಬಗೆದು, ಉಂಡ ತಟ್ಟೆಯನ್ನೂ ತೊಳೆಯದೆ, ಫೋಟೋ ಹಿಡಿದು ಮುಂದಿನ ಊರಿಗೆ ಜಾರುವವನು ಎಷ್ಟೇ ವರ್ಷ ತಿರುಗಿದರೂ ಜಂಗಮನಾಗಲಾರ. ಹಾಗೆಯೇ, ಜಂಗಮವೆಂಬುದು ಹುಟ್ಟಿನಿಂದ ಬರುವ ಪಟ್ಟವೆಂದು ಮನೆಯಲ್ಲಿ ಕುಳಿತು ಪಾದಪೂಜೆ ಪಡೆಯುವವನೂ ಆಗಲಾರ. ಒಂದು ದೃಷ್ಟಿಯಿಂದ ಮೊದಲನೆಯವನೇ ವಾಸಿ, ಅವನ ಕಾಲಾದರೂ ಚಲಿಸುತ್ತಿದೆ.

ಈಗ ಮಠಗಳ ಮಾತು. ತೋಂಟದ ಸಿದ್ಧಲಿಂಗ ಯತಿಗಳು ನೂರಾರು ಚರಮೂರ್ತಿಗಳೊಡನೆ ನಾಡು ಸಂಚರಿಸಿದ ಪರಂಪರೆಯ ವಾರಸುದಾರರಾದ ವಿರಕ್ತ ಮಠಗಳಲ್ಲಿ ಇಂದು ಬಂದ ಅತಿಥಿಗೆ ಮೊದಲು ಎದುರಾಗುವುದು ಎಷ್ಟೋ ಕಡೆ ದರಪಟ್ಟಿ: ಎ.ಸಿ. ಕೊಠಡಿಗೆ ಇಷ್ಟು, ಸಾಮಾನ್ಯ ಕೊಠಡಿಗೆ ಇಷ್ಟು, ಮುಂಗಡ ಕಾಯ್ದಿರಿಸುವಿಕೆ ಕಡ್ಡಾಯ. ಕಟ್ಟಡಗಳ ನಿರ್ವಹಣೆಗೆ ಹಣ ಬೇಕು ಎನ್ನುತ್ತಾರೆ. ನಿಜ, ಬೇಕು. ಆದರೆ ಹತ್ತು ಸಾವಿರದಷ್ಟು ವಿದ್ಯಾರ್ಥಿಗಳಿಗೆ ಅನ್ನವಿಕ್ಕುತ್ತಿದ್ದ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಬಂದವರ ಜಾತಿಯನ್ನಾಗಲಿ ಜೇಬನ್ನಾಗಲಿ ನೋಡದೆ ಒಲೆ ಉರಿಸಿದರು. ಭಕ್ತರು ಹೊತ್ತು ತಂದ ರಾಗಿ, ಅಕ್ಕಿ, ಬೇಳೆಗಳೇ ಆ ಒಲೆಗೆ ಆಸರೆಯಾದವು. ಹಾಗಿರುವಾಗ ಒಂದು ಹಜಾರವನ್ನು ಬೀಗವಿಲ್ಲದೆ ಇಡಲು ಉಳಿದ ಮಠಗಳಿಗೆ ಏನು ಅಡ್ಡಿ? ಎರಡು ರಾತ್ರಿ ಚಾಪೆ, ಎರಡು ಹೊತ್ತು ಪ್ರಸಾದ. ಪ್ರತಿಯಾಗಿ ತರಕಾರಿ ಹೆಚ್ಚುವುದೋ, ಹಾಸ್ಟೆಲಿನ ಮಕ್ಕಳಿಗೆ ಒಂದು ಗಂಟೆ ಪಾಠ ಹೇಳುವುದೋ, ಗೋದಲಿ ಗುಡಿಸುವುದೋ ಇರಲಿ. ಇಷ್ಟಾದರೆ ಬೀದರಿನಿಂದ ಚಾಮರಾಜನಗರದವರೆಗೆ ಒಂದು ವರ್ಷ ಸಂಚರಿಸಲು ಬಡ ಪದವೀಧರನೊಬ್ಬನಿಗೆ ಬಸ್ಸಿನ ಖರ್ಚು ಮಾತ್ರ ಉಳಿಯುತ್ತದೆ.

ಹೆಣ್ಣುಮಕ್ಕಳಿಗಂತೂ ಅದೂ ಉಳಿಯುವುದಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಆಗ ಎದ್ದ ಕುಹಕವನ್ನು ನಾಡು ಮರೆತಿಲ್ಲ: ಹೆಂಗಸರು ಮನೆ ಬಿಟ್ಟು ಗುಡಿ ಗುಂಡಾರ ಸುತ್ತತೊಡಗಿದರಂತೆ! ವೇದಿಕೆಯ ಮೇಲೆ ಅಕ್ಕನ ಭಾವಚಿತ್ರಕ್ಕೆ ಹೂಮಾಲೆ ಹಾಕುವವರ ಬಾಯಲ್ಲೂ ಈ ಮಾತು ಬಂತು. ಅಕ್ಕ ಮಾಡಿದ್ದು ಮತ್ತೇನು? ಅರಮನೆ ಬಿಟ್ಟು ನಡೆದವರನ್ನು ಜಗನ್ಮಾತೆಯೆನ್ನುವುದು, ಅಡಿಗೆಮನೆ ಬಿಟ್ಟು ನಾಲ್ಕು ದಿನ ಹೊರಟವರನ್ನು ಬೀದಿ ಸುತ್ತುವವಳೆನ್ನುವುದು! ಸರ್ಕಾರ ದಾರಿಯ ಖರ್ಚು ಹೊತ್ತ ಮೇಲೂ ಸಂಜೆಗತ್ತಲಲ್ಲಿ ಒಂಟಿಯಾಗಿ ಮಠದ ಬಾಗಿಲಿಗೆ ಬಂದ ಹೆಣ್ಣುಮಗಳನ್ನು 'ಜೊತೆಯಲ್ಲಿ ಯಾರಿದ್ದಾರೆ?' ಎಂದು ಕೇಳಿ, ಕೊಠಡಿ ಖಾಲಿಯಿಲ್ಲವೆನ್ನುವ ರೂಢಿ ಇನ್ನೂ ಇದೆ. ಉಚಿತ ಟಿಕೆಟ್ಟು ಆಕೆಯನ್ನು ಆ ಬಾಗಿಲವರೆಗೆ ತಂದು ಬಿಡುತ್ತದೆ. ಅಲ್ಲಿಂದ ಒಳಗಿನದು ಸರ್ಕಾರದ ಕೆಲಸವಲ್ಲ.