ಹಳೆ ವಿದ್ಯಾರ್ಥಿಗಳ ಹಂಗಾಮು: ಗುಡ್ಡ ಇಳಿದವರು ಮತ್ತೆ ಯಾಕೆ ಹತ್ತಬೇಕು?

ಕ್ರಿಸ್ಮಸ್ ಗೋದಲಿ ಬಿಚ್ಚಿ ಒಳಗಿಡುವ ಹೊತ್ತಿಗೆ ಮಂಗಳೂರಿನಲ್ಲಿ ಇನ್ನೊಂದು ಹಂಗಾಮು ಆರಂಭವಾಗುತ್ತದೆ. ಅದು ಹಳೆ ವಿದ್ಯಾರ್ಥಿಗಳ ಹಂಗಾಮು. ರಜೆಯಲ್ಲಿ ಬಂದ ಗಲ್ಫ್‌ನವರು ಜನವರಿಯಲ್ಲಿ ಇನ್ನೂ ಊರಿನಲ್ಲಿರುತ್ತಾರೆ, ಹಾಲ್‌ಗಳು ಸಿಗುತ್ತವೆ, ಮಳೆಯ ಹೆದರಿಕೆಯಿಲ್ಲ. ವಿಭೂತಿ ಬುಧವಾರ ಬಂದರೆ ನಮ್ಮವರ ಊಟೋಪಚಾರದ ಕಾರ್ಯಕ್ರಮಗಳಿಗೆ ಬಿಡುವು. ಪಾಸ್ಕ ಹಬ್ಬ ಕಳೆದ ಮೇಲೆ ಮದುವೆಗಳ ಜೊತೆಗೆ ಅವೂ ಮತ್ತೆ ಶುರುವಾಗಿ ಮೇ ಕೊನೆಯ ತನಕ ನಡೆಯುತ್ತವೆ. ಹೊರದೇಶದ ಕಾಲೇಜುಗಳು ಇದನ್ನೇ ವಸಂತಕಾಲದ ಕಾರ್ಯಕ್ರಮಗಳೆಂದು ಕರೆಯುತ್ತವೆ. ನಮ್ಮಲ್ಲಿ ಇದು ಸೆಕೆಯ, ಗೇರುಹಣ್ಣಿನ ಮತ್ತು ಪರೀಕ್ಷೆಯ ಕಾಲ.

ಕಾರ್ಯಕ್ರಮಗಳು ಹೆಚ್ಚಾಗಿವೆ, ಬಹಳ ಸಂತೋಷ. ಆದರೆ ಅವುಗಳ ಅಚ್ಚು ಮಾತ್ರ ಒಂದೇ. ಪ್ರಾರ್ಥನೆ, ಸ್ವಾಗತ, ನಿವೃತ್ತ ಗುರುಗಳಿಗೆ ಶಾಲು ಮತ್ತು ಹಣ್ಣಿನ ಬುಟ್ಟಿ, ಹಳೆಯ ಹಾಡು, ಗುಂಪು ಫೋಟೋ, ಊಟ. ಇದರಲ್ಲಿ ತಪ್ಪೇನೂ ಇಲ್ಲ. ಮೂವತ್ತು ವರ್ಷಗಳ ನಂತರ ಬೆಂಚಿನ ಗೆಳೆಯನ ಮುಖ ನೋಡುವುದೇ ಒಂದು ಭಾಗ್ಯ. ಆದರೂ ಕಾಲೇಜಿನ ಗೇಟಿನೊಳಗೆ ಕಾಲಿಡದೆ ಹೋಟೆಲಿನಲ್ಲೇ ಆರಂಭವಾಗಿ ಹೋಟೆಲಿನಲ್ಲೇ ಮುಗಿಯುವ ಹಳೆ ವಿದ್ಯಾರ್ಥಿ ಸಮಾವೇಶಗಳನ್ನು ಕಂಡಾಗ ಒಂದು ಪ್ರಶ್ನೆ ಏಳುತ್ತದೆ. ಇವರೆಲ್ಲ ಸೇರಿದ್ದು ಕಾಲೇಜಿಗಾಗಿಯೋ, ತಮ್ಮ ಪ್ರಾಯಕ್ಕಾಗಿಯೋ?

ಈ ಪ್ರಶ್ನೆಯನ್ನು ಈಗ ಕೇಳಲು ಕಾರಣವಿದೆ. ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜು 2007ರಲ್ಲಿ ಸ್ವಾಯತ್ತವಾಯಿತು, 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು. ಒಂದು ಕಾಲದಲ್ಲಿ ಮದ್ರಾಸ್, ನಂತರ ಮೈಸೂರು, 1980ರಿಂದ ಮಂಗಳೂರು ವಿಶ್ವವಿದ್ಯಾನಿಲಯ ಕೊಟ್ಟ ಪಠ್ಯವನ್ನು ಪಾಠ ಮಾಡುತ್ತಿದ್ದ ಸಂಸ್ಥೆ ಇಂದು ತನ್ನ ಪಠ್ಯವನ್ನು ತಾನೇ ಬರೆದು ಪದವಿಯನ್ನೂ ತಾನೇ ಕೊಡುತ್ತದೆ. ಇದು ಹೆಮ್ಮೆಯ ವಿಷಯ, ಫ್ಲೆಕ್ಸ್ ಹಾಕಿ ಅಭಿನಂದಿಸಿದ್ದೂ ಸರಿಯೇ. ಆದರೆ ಸ್ವಾತಂತ್ರ್ಯದ ಜೊತೆಗೆ ಖರ್ಚೂ ಬರುತ್ತದೆ. ಅನುದಾನಿತ ಕಾಲೇಜುಗಳಲ್ಲಿ ಸರಕಾರದ ಸಂಬಳ ಪಡೆಯುವ ಪ್ರಾಧ್ಯಾಪಕರು ನಿವೃತ್ತರಾದಾಗ ಆ ಹುದ್ದೆಗಳು ಸಕಾಲದಲ್ಲಿ ಭರ್ತಿಯಾಗುವುದಿಲ್ಲ ಎಂಬುದು ರಾಜ್ಯದಾದ್ಯಂತ ಕೇಳಿಬರುವ ಹಳೆಯ ದೂರು. ಆ ಜಾಗಕ್ಕೆ ಬರುವವರಿಗೆ ಆಡಳಿತ ಮಂಡಳಿಯೇ ಸಂಬಳ ಕೊಡಬೇಕು, ಮಂಡಳಿಗೆ ಹಣ ಶುಲ್ಕದಿಂದಲೇ ಬರಬೇಕು. ಹಾಗಾದರೆ ಮುಂದಿನ ವರ್ಷಗಳಲ್ಲಿ ಈ ಗುಡ್ಡ ಹತ್ತುವವರು ಯಾರು? ಹಳೆ ವಿದ್ಯಾರ್ಥಿ ಸಂಘಗಳ ಸಭೆಯಲ್ಲಿ ಚರ್ಚೆಯಾಗಬೇಕಾದದ್ದು ಇದು. ಮೆನು ಕಾರ್ಡ್ ಆಮೇಲೆ.

ಈ ಕಾಲೇಜು ಊರಿನವರೇ ಬೇಡಿ ತಂದದ್ದು ಎಂಬುದನ್ನು ನಾವು ಮರೆಯಬಾರದು. ಶಿಕ್ಷಣಕ್ಕಾಗಿ ಯೇಸುಸಭೆಯ ಗುರುಗಳನ್ನು ಕಳುಹಿಸಿಕೊಡಿ ಎಂದು ಮಂಗಳೂರಿನ ಕಥೊಲಿಕರು ರೋಮಿಗೆ ಮನವಿ ಬರೆದರು. 1878ರ ದಶಂಬರ 31ರಂದು ಇಟಲಿಯ ಜೆಸ್ವಿಟರು ಇಲ್ಲಿಗೆ ಬಂದಿಳಿದರು. 1880ರ ಜನವರಿಯಲ್ಲಿ ಕೊಡಿಯಾಲ್‌ಬೈಲಿನಲ್ಲಿ ತರಗತಿಗಳು ಆರಂಭವಾದವು. ಗುಡ್ಡದ ಮೇಲೆ ಕಟ್ಟಡ ಎದ್ದದ್ದು ಲೋಬೊ ಪ್ರಭು ಮನೆತನದ ಕೊಡುಗೆಯಿಂದ. ಅಂದರೆ ಮೊದಲ ದಾನಿಗಳು ಹಳೆ ವಿದ್ಯಾರ್ಥಿಗಳಲ್ಲ, ಇನ್ನೂ ಹುಟ್ಟದ ವಿದ್ಯಾರ್ಥಿಗಳಿಗಾಗಿ ಕೊಟ್ಟವರು. 1899ರಿಂದ 1901ರ ತನಕ ಬ್ರದರ್ ಮೊಸ್ಕೇನಿ ಬಿಡಿಸಿದ ಚಾಪೆಲಿನ ಚಿತ್ರಗಳನ್ನು ಪ್ರವಾಸಿಗರು ಇಂದಿಗೂ ಬಾಯಿ ತೆರೆದು ನೋಡುತ್ತಾರೆ. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ತಮ್ಮ ಮಕ್ಕಳಿಗೆ ಅವನ್ನು ತೋರಿಸಿದ್ದಾರೋ! ಅತ್ತ 1921ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಸಂತ ಆಗ್ನೆಸ್ ಕಾಲೇಜು ತೆರೆದಾಗ, ಹೆಣ್ಣು ಮಕ್ಕಳಿಗೆ ಡಿಗ್ರಿ ಯಾಕೆ ಎಂದು ಕೇಳುವ ಮನೆಗಳೇ ಹೆಚ್ಚಾಗಿದ್ದ ಕಾಲ.

ಆಗ್ನೆಸ್ ವಿಷಯ ಬಂದದ್ದರಿಂದ ಒಂದು ಮಾತು. ಮಹಿಳಾ ಕಾಲೇಜಿನ ಹಳೆ ವಿದ್ಯಾರ್ಥಿನಿಯರ ಪಟ್ಟಿ ಇಡುವುದು ಸುಲಭದ ಕೆಲಸವಲ್ಲ. ಮದುವೆಯಾದಾಗ ಉಪನಾಮ ಬದಲಾಗುತ್ತದೆ, ಊರು ಬದಲಾಗುತ್ತದೆ, ಮನೆಯ ಲ್ಯಾಂಡ್‌ಲೈನ್ ನಂಬರ್ ಅಂತೂ ಈಗ ಇಲ್ಲವೇ ಇಲ್ಲ. ಪುರುಷರ ಸಂಘಕ್ಕೆ ಹತ್ತು ಮಂದಿ ಉದ್ಯಮಿಗಳ ಹೆಸರು ಥಟ್ಟನೆ ಸಿಗುತ್ತದೆ. ಆದರೆ ನಮ್ಮ ಚರ್ಚ್ ಶಾಲೆಗಳಲ್ಲಿ ಪಾಠ ಮಾಡಿದ ಟೀಚರ್‌ಗಳು, ಬ್ಯಾಂಕ್ ಕೌಂಟರಿನಲ್ಲಿ ಕೂತವರು, ಕುವೈಟ್ ಆಸ್ಪತ್ರೆಗಳಲ್ಲಿ ದುಡಿದವರು, ಇವರಲ್ಲಿ ಎಷ್ಟೋ ಮಂದಿ ಯಾವ ಪಟ್ಟಿಯಲ್ಲೂ ಇಲ್ಲ. ಚರ್ಚಿನ ವಾಳೆಗಳಲ್ಲಿ ಗುರ್ಕಾರರು ಒಂದು ಆದಿತ್ಯವಾರ ಕೇಳಿ ಬರೆದುಕೊಂಡರೆ ಒಂದು ತಿಂಗಳಲ್ಲಿ ಆಗುವ ಕೆಲಸ ಇದು.

ಇನ್ನು ನ್ಯಾಕ್ ವಿಷಯ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನ ಮಾನದಂಡಗಳಲ್ಲಿ ಹಳೆ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೂ ಅಂಕಗಳನ್ನಿಟ್ಟಿದ್ದರು. ಇದರಿಂದ ಒಳ್ಳೆಯದೂ ಆಯಿತು, ತಮಾಷೆಯೂ ಆಯಿತು. ತಂಡ ಬರುವ ವರ್ಷ ಮಲಗಿದ್ದ ಸಂಘಗಳು ಎದ್ದು ಕುಳಿತವು, ನೋಂದಣಿ ಆಯಿತು, ಫೋಟೋ ತೆಗೆದು ಫೈಲಿಗೆ ಸೇರಿಸಿದರು. ತಂಡ ಹೋದ ಮೇಲೆ ಮತ್ತೆ ನಿದ್ದೆ. ಇದು ಒಂದು ಕಾಲೇಜಿನ ಕಥೆಯಲ್ಲ, ಜಿಲ್ಲೆಯ ಯಾವ ಪ್ರಾಂಶುಪಾಲರನ್ನು ಕೇಳಿದರೂ ನಗುತ್ತಾ ಒಪ್ಪಿಕೊಳ್ಳುತ್ತಾರೆ.

ಜೆಸ್ವಿಟ್ ಸಂಸ್ಥೆಗಳ ಹಳೆ ವಿದ್ಯಾರ್ಥಿಗಳಿಗೆ ಈ ವಿಚಾರದಲ್ಲಿ ಹಳೆಯದೊಂದು ಎಚ್ಚರಿಕೆ ಇದೆ. 1973ರ ಜುಲಾಯಿ 31ರಂದು, ಸಂತ ಇಗ್ನೇಷಿಯಸರ ಹಬ್ಬದ ದಿನ, ಸ್ಪೇನಿನ ವಲೆನ್ಸಿಯಾದಲ್ಲಿ ಯುರೋಪಿನ ಹಳೆ ವಿದ್ಯಾರ್ಥಿಗಳ ಸಮಾವೇಶ ನಡೆಯಿತು. ಯೇಸುಸಭೆಯ ಅಂದಿನ ಮಹಾಧಿಪತಿ ವಂ. ಪೆದ್ರೊ ಅರುಪೆ ಅಲ್ಲಿ ಒಂದು ನೇರ ಪ್ರಶ್ನೆ ಎತ್ತಿದರು. ನಿಮ್ಮನ್ನು ನಾವು ನ್ಯಾಯಕ್ಕಾಗಿ ಬದುಕುವಂತೆ ಕಲಿಸಿದೆವೇ? ಇಲ್ಲ ಎಂದು ಅವರೇ ಉತ್ತರವನ್ನೂ ಕೊಟ್ಟರು. ಇತರರಿಗಾಗಿ ಬದುಕುವವರನ್ನು ರೂಪಿಸದ ಶಿಕ್ಷಣ ಅಪೂರ್ಣ ಎಂಬುದು ಅವರ ಮಾತಿನ ತಿರುಳು. ಸಭೆಯಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಸನ್ಮಾನದ ನಿರೀಕ್ಷೆಯಲ್ಲಿ ಬಂದವರಿಗೆ ಲೆಕ್ಕ ಒಪ್ಪಿಸು ಎಂದರೆ ಯಾರಿಗೆ ಹಿಡಿಸುತ್ತದೆ?

ಮಂಗಳೂರಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಲೋಕಸಭೆಯ ಸ್ಪೀಕರ್ ಆಗಿದ್ದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ, ಕೇಂದ್ರ ಸಚಿವರಾಗಿದ್ದ ಜಾರ್ಜ್ ಫೆರ್ನಾಂಡಿಸ್, ಬ್ಯಾಂಕಿಂಗ್ ಕ್ಷೇತ್ರದ ಕೆ.ವಿ. ಕಾಮತ್ ಮೂವರೂ ಇದೇ ಗುಡ್ಡ ಹತ್ತಿದವರು. ಒಬ್ಬೊಬ್ಬರು ಒಂದೊಂದು ಬಗೆಯ ಮನೆಯಿಂದ ಬಂದವರು. ನಮ್ಮ ಊರಿನಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಜೈನರು ಹೆಸರಿನ ಹಿಂದಿನ ಜಾತಿ ನೋಡದೆ ಒಟ್ಟಿಗೆ ಕೂರುವ ಸಂಘಗಳು ಎಷ್ಟು ಉಳಿದಿವೆ? 2008ರ ಸೆಪ್ಟೆಂಬರಿನಲ್ಲಿ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ ದಾಳಿಯಾಯಿತು. 2021ರಲ್ಲಿ ಅಲೋಶಿಯಸ್‌ನ ಉದ್ಯಾನಕ್ಕೆ ವಂ. ಸ್ಟ್ಯಾನ್ ಸ್ವಾಮಿಯವರ ಹೆಸರಿಡುವ ಕಾರ್ಯಕ್ರಮವನ್ನು ವಿರೋಧದ ಕಾರಣ ಮುಂದೂಡಬೇಕಾಯಿತು. 2024ರ ಫೆಬ್ರವರಿಯಲ್ಲಿ ಜೆಪ್ಪುವಿನ ಸಂತ ಜೆರೋಸಾ ಶಾಲೆಯ ಎದುರು ಗಲಾಟೆ ನಡೆದು ಒಬ್ಬ ಶಿಕ್ಷಕಿ ಕೆಲಸ ಕಳೆದುಕೊಂಡರು. ಇಂಥ ಹೊತ್ತಿನಲ್ಲಿ ಧರ್ಮಾಧ್ಯಕ್ಷರ ಹೇಳಿಕೆಗಿಂತಲೂ, ಸಂಘ ಸಂಸ್ಥೆಗಳ ಮನವಿ ಪತ್ರಗಳಿಗಿಂತಲೂ ತೂಕದ ಮಾತು ಒಂದಿದೆ. ನಾನು ಅಲ್ಲೇ ಕಲಿತವನು, ಅಲ್ಲಿ ನನ್ನ ಧರ್ಮವನ್ನು ಯಾರೂ ಕೆಣಕಲಿಲ್ಲ ಎಂದು ಒಬ್ಬ ಶೆಟ್ಟರೋ ಬ್ಯಾರಿಯವರೋ ಭಟ್ಟರೋ ಎದ್ದು ನಿಂತು ಹೇಳುವ ಮಾತು ಅದು. ಹಾಗೆ ಹೇಳಿದವರಿದ್ದಾರೆ, ಅವರಿಗೆ ನಾವು ಋಣಿಗಳು. ಆದರೆ ವರ್ಷವಿಡೀ ಸಂಬಂಧ ಇಟ್ಟುಕೊಳ್ಳದೆ ಕಷ್ಟಕಾಲಕ್ಕೆ ಮಾತ್ರ ಫೋನು ಮಾಡಿದರೆ ಎಷ್ಟು ಮಂದಿ ಎತ್ತುತ್ತಾರೆ? ಜನವರಿಯ ಆ ಊಟಕ್ಕೆ ನಿಜವಾದ ಬೆಲೆ ಬರುವುದು ಇಲ್ಲಿ. 2017ರಲ್ಲಿ ಲೈಟ್‌ಹೌಸ್ ಹಿಲ್ ರಸ್ತೆಯ ಹೆಸರು ಬದಲಿಸುವ ವಿವಾದ ಎದ್ದಾಗ ಕಾಲೇಜಿನ ಅಭಿಮಾನಿಗಳು ಒಗ್ಗಟ್ಟಾಗಿ ಬಂದದ್ದು ನೆನಪಿದೆ. ರಸ್ತೆಯ ಹೆಸರಿಗೆ ಬಂದವರು ಆ ರಸ್ತೆಯಲ್ಲಿ ನಡೆದುಬರುವ ಹುಡುಗನ ಶುಲ್ಕಕ್ಕೂ ಬರಬಹುದು ಎಂಬುದು ನಮ್ಮ ಆಶೆ.

ಹಣದ ವಿಷಯದಲ್ಲಿ ಹೊರದೇಶದಲ್ಲಿರುವವರಿಗೆ ಒಂದು ಗೊಂದಲವಿದೆ, ಅದನ್ನು ಬಿಡಿಸಿ ಹೇಳುವುದು ಒಳ್ಳೆಯದು. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಸ್ವಂತ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕೊಡುವ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ದುಬೈ, ಮಸ್ಕತ್‌ಗಳಲ್ಲಿರುವ ನಮ್ಮವರಲ್ಲಿ ಹೆಚ್ಚಿನವರು ಈ ಸಾಲಿಗೆ ಸೇರುತ್ತಾರೆ. ಆದರೆ ಅಮೆರಿಕ, ಕೆನಡಾಗಳ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆಯೇ, ಓಸಿಐ ಕಾರ್ಡ್ ಇದ್ದರೂ ಸಹ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇರಬೇಕು. 2020ರ ತಿದ್ದುಪಡಿಯ ನಂತರ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಊರಿನಲ್ಲಿರುವವರು 80ಜಿ ವಿನಾಯಿತಿ ಬೇಕಾದರೆ 2,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡಬಾರದು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ. ಸಮಾವೇಶದಲ್ಲಿ ಹತ್ತು ನಿಮಿಷ ಒಬ್ಬ ಲೆಕ್ಕಪರಿಶೋಧಕರು ಇಷ್ಟನ್ನು ವಿವರಿಸಿದರೆ, ಕೊಡಬೇಕೆಂದು ಮನಸ್ಸಿದ್ದೂ ಹೆದರಿ ಸುಮ್ಮನಿರುವವರು ಮುಂದೆ ಬರುತ್ತಾರೆ.

ಹಣವಿಲ್ಲದವರಿಗೂ ಕೆಲಸವಿದೆ, ಮತ್ತು ನಮ್ಮ ಅಭಿಪ್ರಾಯದಲ್ಲಿ ಅದೇ ದೊಡ್ಡದು. ಇತಿಹಾಸ, ಅರ್ಥಶಾಸ್ತ್ರ, ಕನ್ನಡ, ಕೊಂಕಣಿ ಓದುವ ಮಕ್ಕಳಿಗೆ ಮುಂದೇನು ಎಂದು ಹೇಳುವವರಿಲ್ಲ. ಕಾಮರ್ಸ್ ವಿದ್ಯಾರ್ಥಿಗೆ ದಾರಿ ತೋರಿಸಲು ನೂರು ಮಂದಿ ಇದ್ದಾರೆ. ಕಲಾ ವಿಭಾಗದಲ್ಲಿ ಓದಿ ಪತ್ರಕರ್ತರಾದವರು, ವಕೀಲರಾದವರು, ಸರಕಾರಿ ಹುದ್ದೆಗೆ ಹೋದವರು ವರ್ಷಕ್ಕೆ ನಾಲ್ಕು ಶನಿವಾರ ಗುಡ್ಡ ಹತ್ತಿ ಬಂದರೆ ಸಾಕು, ಆ ಮಕ್ಕಳಿಗೆ ತಾವು ಎರಡನೇ ದರ್ಜೆಯವರಲ್ಲ ಎಂದು ಗೊತ್ತಾಗುತ್ತದೆ. ಕಾಲೇಜಿನ ಸಮುದಾಯ ಬಾನುಲಿ ರೇಡಿಯೋ ಸಾರಂಗ್ ಇದೆ, ಅದರಲ್ಲಿ ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲಿ ಮಾತನಾಡಬಲ್ಲ ಹಿರಿಯರಿಗೆ ಜಾಗವಿದೆ. ವಂ. ಆಂಜೆಲೊ ಮಾಫೇಯಿ ಕೊಂಕಣಿ ವ್ಯಾಕರಣವನ್ನು 1882ರಲ್ಲಿ, ಮರುವರ್ಷ ನಿಘಂಟನ್ನು ಹೊರತಂದ ಊರು ಇದು. ಆ ಪರಂಪರೆಗೆ ಇಂದು ಬೇಕಾದದ್ದು ಇನ್ನೊಂದು ಅಮೃತಶಿಲೆಯ ಫಲಕವಲ್ಲ, ತರಗತಿಯಲ್ಲಿ ಕೂರುವ ಹತ್ತು ಮಕ್ಕಳು.

ಕೊನೆಯದಾಗಿ ಸಮಯದ ವಿಚಾರ. ಈಚಿನ ವರ್ಷಗಳಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಏಪ್ರಿಲ್‌ನಲ್ಲೇ ಬರುತ್ತಿದೆ, ಪ್ರವೇಶದ ಓಡಾಟ ಆಗಲೇ ಶುರು. ಮೀನುಗಾರಿಕೆಗೆ ಹೋಗುವವರ, ಬೀಡಿ ಕಟ್ಟುವವರ, ಮನೆಗೆಲಸದವರ ಮಕ್ಕಳು ಮೊದಲ ಕಂತು ಹೊಂದಿಸಲಾಗದೆ ಅರ್ಜಿಯನ್ನೇ ಹಾಕದಿರುವುದು ಈ ಎರಡು ಮೂರು ವಾರಗಳಲ್ಲಿ. ಮೇ ಕೊನೆಯ ಸಮಾವೇಶದಲ್ಲಿ ವಿದ್ಯಾರ್ಥಿ ವೇತನ ಘೋಷಿಸಿದರೆ ಅದು ಈಗಾಗಲೇ ಒಳಗೆ ಬಂದವರಿಗೆ ಮಾತ್ರ ಸಿಗುತ್ತದೆ. ಆದ್ದರಿಂದ ಎಷ್ಟು ಮಂದಿಗೆ ಎಷ್ಟು ಎಂಬ ತೀರ್ಮಾನ ಜನವರಿಯ ಸಭೆಯಲ್ಲೇ ಆಗಬೇಕು, ಹಣ ತಪಸ್ಸು ಕಾಲದೊಳಗೆ ಕೂಡಬೇಕು, ಹೆಸರುಗಳು ಚರ್ಚ್, ಮಸೀದಿ, ದೇವಸ್ಥಾನ ಎನ್ನದೆ ಆಯಾ ಊರಿನ ಹೈಸ್ಕೂಲ್, ಪಿಯು ಕಾಲೇಜುಗಳಿಂದ ಪಾಸ್ಕ ಹಬ್ಬದ ಒಳಗೆ ಬರಬೇಕು. ಈ ವರ್ಷದ ಕಾರ್ಯಕ್ರಮ ಪಟ್ಟಿ ತಯಾರಿಸುವ ಪದಾಧಿಕಾರಿಗಳು ಹಾಲ್ ಬುಕ್ ಮಾಡುವ ಮೊದಲು ಈ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಕೊಳ್ಳಲಿ.