ಫೋಟೋ ನೋಡಿ ಔಷಧ ಬೇಡ

ಮಳೆ ಹಿಡಿಯಿತೆಂದರೆ ಸಂಘದ ಕಚೇರಿಗೆ ಕರಿ ಜೀರುಂಡೆಗಳ ಫೋಟೋಗಳು ಬರತೊಡಗುತ್ತವೆ. ‘ಇದು ಯಾವ ಹುಳು, ಏನು ಹೊಡೆಯಬೇಕು?’ ಎಂಬ ಎರಡು ಪ್ರಶ್ನೆಗಳೂ ಒಟ್ಟಿಗೇ ಇರುತ್ತವೆ. ಮೊದಲನೆಯದಕ್ಕೆ ಉತ್ತರ ಸಿಗುವವರೆಗೆ ಎರಡನೆಯದನ್ನು ಕೇಳಬಾರದೆಂಬುದು ನನ್ನ ಅಭಿಪ್ರಾಯ.

ದರಗಿನಡಿ ಓಡಾಡುವ ಕರಿ ಜೀರುಂಡೆಗಳೆಲ್ಲ ಒಂದೇ ಅಲ್ಲ. ಕ್ಯಾರಾಬಿಡೇ ಕುಟುಂಬದ ನೆಲಜೀರುಂಡೆಗಳಲ್ಲಿ ಹೆಚ್ಚಿನವು ಬೇಟೆಗಾರರು. ಕಂಬಳಿಹುಳು, ಇತರ ಕೀಟಗಳ ಮರಿಗಳು ಅವುಗಳ ಆಹಾರ. ಕೆಲವು ಬಸವನಹುಳುವನ್ನೂ ಬಿಡವು. ಅವುಗಳಂತೆಯೇ ಕಾಣುವ ಟೆನೆಬ್ರಿಯೋನಿಡೇ ಕುಟುಂಬದ ಜೀರುಂಡೆಗಳು ಹೆಚ್ಚಾಗಿ ಒಣಗಿದ, ಕೊಳೆತ ಕಸ ತಿಂದು ಬದುಕುತ್ತವೆ. ಕೇರಳದ ರಬ್ಬರ್ ತೋಟಗಳಿಂದ ಬೇಸಿಗೆ ಮಳೆಗೆ ಮನೆಯೊಳಗೆ ನುಗ್ಗುವ ಲುಪ್ರಾಪ್ಸ್ ಈ ಕುಟುಂಬದ್ದು. ಅಡಿಕೆಗೆ ನಿಜವಾದ ಶತ್ರು ಬೇರುಹುಳು; ಅದರ ತಾಯಿ ಜೀರುಂಡೆ ಕಂದು ಬಣ್ಣದ್ದು.

ಒಂದು ಭೂತಗನ್ನಡಿಯಿದ್ದರೆ ಇಷ್ಟನ್ನು ಮನೆಯಲ್ಲೇ ನೋಡಬಹುದು. ನೆಲಜೀರುಂಡೆಯ ಮೀಸೆ ದಾರದಂತೆ ಸಪೂರ, ದವಡೆ ಮುಂದಕ್ಕೆ ಚಾಚಿರುತ್ತದೆ, ಆರೂ ಪಾದಗಳಲ್ಲಿ ಐದೈದು ಗೆಣ್ಣು. ಟೆನೆಬ್ರಿಯೋನಿಡೇಗೆ ಹಿಂಗಾಲಿನ ಪಾದದಲ್ಲಿ ನಾಲ್ಕೇ ಗೆಣ್ಣು. ಬೇರುಹುಳುವಿನ ಜೀರುಂಡೆಗೆ ಮೀಸೆಯ ತುದಿ ಬೀಸಣಿಗೆಯಂತೆ ಬಿಚ್ಚುತ್ತದೆ.

ಫೋಟೋದಲ್ಲಿ ಕಾಣುವುದು ಬೆನ್ನು ಮಾತ್ರ. ಪಾದದ ಗೆಣ್ಣು, ಕಣ್ಣಿನ ಮೇಲಿನ ಗಡುಸು ರೋಮ, ಹೊಟ್ಟೆಯ ಕಡೆಯ ರಚನೆ ಅದರಲ್ಲಿ ಸಿಗುವುದಿಲ್ಲ. ಕೆಲವು ಜಾತಿಗಳನ್ನು ಗಂಡಿನ ಜನನಾಂಗ ಬಿಡಿಸಿ ನೋಡಿದ ಮೇಲೆಯೇ ತಜ್ಞರೂ ಹೆಸರಿಸುತ್ತಾರೆ. ಆದ್ದರಿಂದ ಫೋಟೋದೊಂದಿಗೆ ಹುಳುವೂ ಬರಲಿ. ಎರಡು ಮೂರು ಹುಳುಗಳನ್ನು ಸ್ಪಿರಿಟ್ ಹಾಕಿದ ಸಣ್ಣ ಶೀಶೆಯಲ್ಲಿಟ್ಟು, ಊರು, ತಾರೀಕು, ಸಿಕ್ಕ ಜಾಗವನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಒಳಗೇ ಹಾಕಿರಿ, ಶಾಯಿ ಕರಗಿಹೋಗುತ್ತದೆ. ಸಂಶಯವಿದ್ದುದನ್ನು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೋ ವಿಟ್ಲದ ಸಿ.ಪಿ.ಸಿ.ಆರ್.ಐ. ಕೇಂದ್ರಕ್ಕೋ ತೋರಿಸಬಹುದು.

ಔಷಧ ಮಾರುವ ಸಂಘದ ಕಾರ್ಯದರ್ಶಿಯೇ ಹೀಗೆ ಬರೆಯುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಹೆಸರು ತಿಳಿಯದ ಹುಳುವಿಗೆ ವಿಷ ಸುರಿದರೆ ಹಣವೂ ಹೋಯಿತು, ಕೂಲಿಯಿಲ್ಲದೆ ರಾತ್ರಿಯಿಡೀ ತೋಟ ಕಾಯುವ ಆಳೂ ಸತ್ತಿತು. ಗುರುತು ಸಿಕ್ಕ ಹುಳುಗಳನ್ನು ಹೆಸರು ಬರೆದು ಕಚೇರಿಯಲ್ಲೇ ಒಂದು ಪೆಟ್ಟಿಗೆಯಲ್ಲಿ ಇಡೋಣ. ಮುಂದಿನ ಮಳೆಗಾಲಕ್ಕೆ ಹೋಲಿಸಿ ನೋಡಲು ಅದು ಎಲ್ಲ ಸದಸ್ಯರಿಗೂ ಒದಗುತ್ತದೆ. ಸದಸ್ಯ ಬಾಂಧವರು ಸಹಕರಿಸಬೇಕೆಂದು ವಿನಂತಿ.